ಕರಾರು ರದ್ದೋ, ಮುಕ್ತಾಯವೋ? ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಒಂದು ಸಂಸ್ಥೆಯ ಮಾಸಪತ್ರಿಕೆಯನ್ನು ವರ್ಷಪೂರ್ತಿ ಅಚ್ಚು ಹಾಕಿಕೊಡುವ ಕರಾರು ನಮ್ಮ ಮುದ್ರಣಾಲಯದ್ದು. ಏಳು ಸಂಚಿಕೆ ಸರಿಯಾಗಿ ಕೊಟ್ಟೆವು, ಹಣವೂ ಬಂತು. ಎಂಟನೆಯದನ್ನು ಕೊಡಲಾಗಲಿಲ್ಲ. ಈಗ ಅವರ ವಕೀಲರ ನೋಟಿಸ್ ಬಂದಿದೆ: ಕರಾರನ್ನು ರದ್ದುಪಡಿಸಿ ಮುಕ್ತಾಯಗೊಳಿಸಲಾಗಿದೆ, ಇದುವರೆಗೆ ಪಡೆದ ಹಣವನ್ನೆಲ್ಲ ಹಿಂದಿರುಗಿಸಿ ಎಂದು. ರದ್ದು, ಮುಕ್ತಾಯ ಎರಡೂ ಒಂದೇ ಅಲ್ಲವೇ? ಏಳು ತಿಂಗಳ ಹಣ ವಾಪಸ್ ಕೊಡಬೇಕೇ?

ಉತ್ತರ: ಕೊಡಬೇಕಾಗಿಲ್ಲ. ನಿಮ್ಮದು ಮುಕ್ತಾಯದ ಪ್ರಕರಣ. ನೋಟಿಸಿನಲ್ಲಿ ಕೇಳಿರುವುದು ರದ್ದತಿಯ ಫಲ. ಎರಡೂ ಒಂದೇ ಅಲ್ಲ.

ರದ್ದತಿಯಲ್ಲಿ ದೋಷ ಇರುವುದು ಕರಾರು ಹುಟ್ಟಿದ ಗಳಿಗೆಯಲ್ಲಿ. ಮೋಸದಿಂದಲೋ ತಪ್ಪು ಮಾಹಿತಿಯಿಂದಲೋ ಬೆದರಿಕೆಯಿಂದಲೋ ಅನುಚಿತ ಪ್ರಭಾವದಿಂದಲೋ ಒಪ್ಪಿಗೆ ಪಡೆದಿದ್ದರೆ, ಹಾಗೆ ಒಪ್ಪಿದವರು ಕರಾರನ್ನು ಮೊದಲ ದಿನದಿಂದಲೇ ಇಲ್ಲವಾಗಿಸಬಹುದು. ಭಾರತೀಯ ಕರಾರು ಕಾಯ್ದೆ, 1872ರ 19 ಮತ್ತು 19ಎ ಕಲಮುಗಳು ಕೊಡುವ ಹಕ್ಕು ಇದು. ಆಗ ಇಬ್ಬರೂ ಪಡೆದದ್ದನ್ನು ಹಿಂದಿರುಗಿಸಿ, ಕರಾರಿಗೆ ಮುಂಚೆ ಎಲ್ಲಿದ್ದರೋ ಅಲ್ಲಿಗೆ ಮರಳಬೇಕು. ಮುಕ್ತಾಯದಲ್ಲಿ ಹಾಗಲ್ಲ. ಅಲ್ಲಿ ಕರಾರು ಹುಟ್ಟುವಾಗ ಚೆನ್ನಾಗಿಯೇ ಇತ್ತು, ಕೆಟ್ಟದ್ದು ನಡೆಯುತ್ತಾ ಬಂದಾಗ. ಹಾಗಾಗಿ ಅಂದಿನವರೆಗೆ ಆದ ಕೆಲಸ, ಕೊಟ್ಟ ಹಣ, ಹುಟ್ಟಿದ ಬಾಕಿ ಎಲ್ಲವೂ ಉಳಿಯುತ್ತವೆ. ನಿಲ್ಲುವುದು ಮುಂದಿನ ಬಾಧ್ಯತೆ ಮಾತ್ರ. ನಡುವೆ ಆದ ಉಲ್ಲಂಘನೆಗೆ ಪರಿಹಾರ ಕೇಳುವ ಹಕ್ಕೂ ಉಳಿಯುತ್ತದೆ.

ಗೊಂದಲಕ್ಕೆ ಕಾಯ್ದೆಯ ಭಾಷೆಯೂ ಕಾರಣ. 1872ರ ಪಠ್ಯ ಹಲವೆಡೆ ಎರಡಕ್ಕೂ ಒಂದೇ ಪದ ಬಳಸುತ್ತದೆ. ಆದರೆ ಅದೇ ಕಾಯ್ದೆ ಕೊಡುವ ಗಾಯಕಿಯ ಉದಾಹರಣೆ ನಿಮ್ಮ ಪ್ರಶ್ನೆಗೆ ನೇರ ಉತ್ತರ. ವಾರಕ್ಕೆ ಎರಡು ರಾತ್ರಿಯಂತೆ ಎರಡು ತಿಂಗಳು ಹಾಡಲು ಗಾಯಕಿಯೊಬ್ಬಳು ನಾಟಕಶಾಲೆಯ ವ್ಯವಸ್ಥಾಪಕನಿಗೆ ಒಪ್ಪುತ್ತಾಳೆ. ರಾತ್ರಿಗೆ 100 ರೂಪಾಯಿ. ಆರನೆಯ ರಾತ್ರಿ ಬೇಕೆಂದೇ ಬರುವುದಿಲ್ಲ. 39ನೇ ಕಲಮಿನ ಪ್ರಕಾರ ವ್ಯವಸ್ಥಾಪಕ ಕರಾರನ್ನು ಕೊನೆಗೊಳಿಸಬಹುದು, 75ರ ಪ್ರಕಾರ ತನಗಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಆದರೆ 65ನೇ ಕಲಮಿನ ಪ್ರಕಾರ ಅವಳು ಹಾಡಿದ ಐದು ರಾತ್ರಿಗಳ ಹಣವನ್ನು ಅವನು ಕೊಡಲೇಬೇಕು. ನಿಮ್ಮ ಏಳು ಸಂಚಿಕೆಗಳು ಆ ಐದು ರಾತ್ರಿಗಳ ಹಾಗೆ.

ಇನ್ನು ಮುಕ್ತಾಯವೇ ಸರಿಯೋ ಎಂಬುದನ್ನೂ ಪರೀಕ್ಷಿಸಿ. ಯಾವುದೋ ಒಂದು ಲೋಪಕ್ಕೆ ಕರಾರು ಮುಗಿಸಲು ಬರುವುದಿಲ್ಲ. ಆ ಲೋಪ ಕರಾರಿನ ತಿರುಳಿಗೇ ಪೆಟ್ಟು ಕೊಡಬೇಕು, ಅಥವಾ ಅಂಥ ಲೋಪಕ್ಕೆ ಮುಗಿಸಬಹುದೆಂದು ಕರಾರಿನಲ್ಲೇ ಬರೆದಿರಬೇಕು. ಸರಿಪಡಿಸಲು ಇಷ್ಟು ದಿನದ ನೋಟಿಸ್ ಕೊಡಬೇಕೆಂಬ ಷರತ್ತಿದ್ದು ಅದನ್ನು ಕೊಡದೆ ಮುಗಿಸಿದ್ದರೆ ಅವರ ಕ್ರಮವೇ ಉಲ್ಲಂಘನೆಯಾಗಬಹುದು. ಆಗ ಉಳಿದ ಸಂಚಿಕೆಗಳಿಂದ ನಿಮಗೆ ಬರಬೇಕಿದ್ದ ಲಾಭವನ್ನು ನೀವೇ ಕೇಳುವ ಸ್ಥಿತಿ ಬರುತ್ತದೆ. ಮುಕ್ತಾಯ ಸರಿಯಾಗಿದ್ದರೂ ಅವರಿಗೆ ಸಿಗುವುದು 73ನೇ ಕಲಮಿನ ನಷ್ಟ ಮಾತ್ರ: ಬಾಕಿ ಸಂಚಿಕೆಗಳನ್ನು ಬೇರೆಡೆ ಅಚ್ಚು ಹಾಕಿಸಲು ತಗಲುವ ಹೆಚ್ಚುವರಿ ಖರ್ಚು. ಅದನ್ನೂ ಕಡಿಮೆ ಮಾಡಿಕೊಳ್ಳಲು ಅವರು ಪ್ರಯತ್ನಿಸಿರಬೇಕು. ದುಬಾರಿ ಮುದ್ರಕರನ್ನು ಹುಡುಕಿ ಆ ಬಿಲ್ಲನ್ನು ನಿಮ್ಮ ತಲೆಗೆ ಕಟ್ಟಲಾಗದು.

ಉತ್ತರ ಬರೆಯುವಾಗ ಏಳೂ ಸಂಚಿಕೆಗಳ ಡೆಲಿವರಿ ಚಲನ್, ಬಿಲ್, ಹಣ ಬಂದ ದಿನಾಂಕಗಳನ್ನು ಸಾಲಾಗಿ ಕೊಡಿ. ಮೋಸ ಅಥವಾ ತಪ್ಪು ಮಾಹಿತಿಯ ಆರೋಪ ನೋಟಿಸಿನಲ್ಲಿ ಎಲ್ಲಿಯೂ ಇಲ್ಲ, ಆದ್ದರಿಂದ ಹಣ ಮರಳಿಸುವ ಬೇಡಿಕೆಗೆ ಆಧಾರವಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ.

ಪ್ರಶ್ನೆ: ಬಳಸಿದ ಯಂತ್ರವೊಂದನ್ನು ಕಂತಿನ ಮೇಲೆ ಕೊಂಡೆವು. ಮೂರು ವರ್ಷ ಹಳೆಯದು ಎಂದು ಬರೆದುಕೊಟ್ಟಿದ್ದರು. ಸರ್ವಿಸ್ ಮಾಡಲು ಬಂದವರು ಎಂಜಿನ್ ನಂಬರ್ ನೋಡಿ ಹತ್ತು ವರ್ಷ ಹಳೆಯದು, ಮೀಟರ್ ಬದಲಾಯಿಸಿದ್ದಾರೆ ಎಂದರು. ಕೆಲಸ ನಿಲ್ಲಿಸಲಾಗದೆ ಇನ್ನೂ ಓಡಿಸುತ್ತಿದ್ದೇವೆ. ಮುಂದಿನ ಕಂತಿನ ದಿನ ಹತ್ತಿರ ಬಂದಿದೆ. ಹಿಂದಿರುಗಿಸಿ ಹಣ ಪಡೆಯಬಹುದೇ?

ಉತ್ತರ: ಪಡೆಯಬಹುದು, ಆದರೆ ಈಗ ನೀವು ಓಡಿಸುತ್ತಿರುವ ಒಂದೊಂದು ದಿನವೂ ಆ ಹಕ್ಕನ್ನು ಸವೆಸುತ್ತಿದೆ. ಇಂದೇ ನಿಲ್ಲಿಸಿ.

ರದ್ದತಿ ನಿಮ್ಮ ಇಚ್ಛೆಗೆ ಬಿಟ್ಟದ್ದು. ಮೋಸ ತಿಳಿದ ಮೇಲೂ ಕರಾರನ್ನು ಮುಂದುವರಿಸುವ ಆಯ್ಕೆ ನಿಮಗಿದೆ. ಹಾಗೆ ಮುಂದುವರಿಸಿ, ಹೇಳಿದ್ದು ನಿಜವಾಗಿದ್ದರೆ ಯಾವ ಸ್ಥಿತಿಯಲ್ಲಿರುತ್ತಿದ್ದಿರೋ ಆ ಸ್ಥಿತಿಗೆ ತನ್ನಿ ಎಂದು ಕೇಳಲು 19ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಎರಡು ದಾರಿಯಲ್ಲಿ ಒಂದನ್ನು ಹಿಡಿದ ಮೇಲೆ ಇನ್ನೊಂದು ಮುಚ್ಚುತ್ತದೆ. ಸತ್ಯ ತಿಳಿದೂ ಕಂತು ಕಟ್ಟಿದರೆ, ಯಂತ್ರ ಬಳಸುತ್ತಲೇ ಹೋದರೆ, ಬಿಡಿಭಾಗ ಬದಲಿಸಿಕೊಟ್ಟರೆ ಸಾಕು ಎಂದು ಪತ್ರ ಬರೆದರೆ, ನೀವು ಕರಾರನ್ನು ಒಪ್ಪಿಕೊಂಡಿರಿ ಎಂದೇ ನ್ಯಾಯಾಲಯ ನೋಡುತ್ತದೆ. ಬಾಯಿಮಾತಿನಲ್ಲಿ ಹೇಳಬೇಕೆಂದಿಲ್ಲ, ನಡವಳಿಕೆಯೇ ಸಾಕು. ಹೀಗೆ ಒಪ್ಪಿಕೊಂಡವರಿಗೆ ರದ್ದತಿ ನಿರಾಕರಿಸಬಹುದೆಂದು ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 27ನೇ ಕಲಂ ಹೇಳುತ್ತದೆ. ಕಂತಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಚೆಕ್ ಮೊದಲೇ ಕೊಟ್ಟಿರುತ್ತಾರೆ, ಬ್ಯಾಂಕಿನಿಂದ ತಾನಾಗಿ ಹಣ ಹೋಗುತ್ತದೆ. ಮಾರಿದವರಿಗೆ ನೋಟಿಸ್ ಕೊಡದೆ ಸುಮ್ಮನೆ ಪಾವತಿ ತಡೆಯುವುದೂ ಅಪಾಯ, ಚೆಕ್ ಮರಳಿದರೆ ಬೇರೆಯದೇ ಮೊಕದ್ದಮೆ ಎದುರಾಗಬಹುದು. ಮೊದಲು ರದ್ದತಿಯ ನೋಟಿಸ್ ತಲುಪಲಿ, ಕೊಟ್ಟ ಚೆಕ್ಕುಗಳನ್ನು ಅದರಲ್ಲೇ ವಾಪಸ್ ಕೇಳಿ, ಆಮೇಲೆ ಬ್ಯಾಂಕಿಗೆ ಬರೆಯಿರಿ. ಯಂತ್ರಕ್ಕೆ ಸಾಲ ಕೊಟ್ಟವರು ಬೇರೆಯವರಾಗಿದ್ದರೆ ಲೆಕ್ಕ ಬೇರೆ. ಆ ಸಾಲ ಪ್ರತ್ಯೇಕ ಕರಾರು, ಮಾರಿದವರ ಮೋಸ ಅದನ್ನು ತಾನಾಗಿ ಅಳಿಸುವುದಿಲ್ಲ.

ಮಾಡಬೇಕಾದ್ದು ಇಷ್ಟು. ಯಂತ್ರ ನಿಲ್ಲಿಸಿ, ಮೀಟರ್ ಓದು ಮತ್ತು ಎಂಜಿನ್ ನಂಬರಿನ ಫೋಟೊ ದಿನಾಂಕ ಕಾಣುವಂತೆ ತೆಗೆಯಿರಿ. ತಯಾರಕರಿಂದ ಆ ನಂಬರಿನ ತಯಾರಿಕಾ ವರ್ಷವನ್ನು ಬರಹದಲ್ಲಿ ತರಿಸಿ. ಸರ್ವಿಸ್‌ನವರ ಬಾಯಿಮಾತು ಸಾಲದು. ನಂತರ ನೋಟಿಸ್. ಅದರಲ್ಲಿ ಏನು ಹೇಳಿದ್ದರು, ನಿಜ ಏನು, ಯಾವ ದಿನ ತಿಳಿಯಿತು, ಆ ಮಾತು ನಂಬಿಯೇ ಕೊಂಡೆವು, ಕರಾರನ್ನು ರದ್ದುಪಡಿಸುತ್ತಿದ್ದೇವೆ, ಯಂತ್ರ ಇಂಥ ಜಾಗದಲ್ಲಿ ಸಿದ್ಧವಿದೆ, ಒಯ್ಯಿರಿ, ಹಣ ಇಷ್ಟು ಹಿಂದಿರುಗಿಸಿ ಎಂದಿರಬೇಕು. ಯಂತ್ರ ಮರಳಿಸುವ ಮಾತಿಲ್ಲದ ರದ್ದತಿಯ ನೋಟಿಸ್ ಅರ್ಧ ನೋಟಿಸ್. ಕರಾರು ಕಾಯ್ದೆಯ 64ನೇ ಕಲಂ ನೀವು ಪಡೆದ ಲಾಭವನ್ನೂ ಮರಳಿಸಿ ಎನ್ನುತ್ತದೆ, ಇಷ್ಟು ದಿನ ಬಳಸಿದ್ದಕ್ಕೆ ನ್ಯಾಯಾಲಯ ಒಂದಿಷ್ಟು ಕಳೆಯಲೂಬಹುದು. ಸ್ವೀಕೃತಿ ಸಿಗುವ ಅಂಚೆ ಮತ್ತು ಇಮೇಲ್ ಎರಡರಲ್ಲೂ ಕಳಿಸಿ. ರದ್ದತಿಯನ್ನು ತಿಳಿಸುವ ಕ್ರಮ, ಪ್ರಸ್ತಾವವನ್ನು ತಿಳಿಸುವ ಕ್ರಮದಂತೆಯೇ ಎಂದು 66ನೇ ಕಲಂ ಹೇಳುತ್ತದೆ. ಮನಸ್ಸಿನಲ್ಲಿ ಮಾಡಿದ ರದ್ದತಿಗೆ ಬೆಲೆಯಿಲ್ಲ.

ಎದುರಿನವರು ಒಂದು ವಾದ ತಪ್ಪದೆ ಎತ್ತುತ್ತಾರೆ: ಎಂಜಿನ್ ನಂಬರ್ ಅಲ್ಲೇ ಇತ್ತು, ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಮಗೇ ತಿಳಿಯುತ್ತಿತ್ತು. 19ನೇ ಕಲಮಿನಲ್ಲಿ ಅಂಥ ವಿನಾಯಿತಿ ಇರುವುದು ನಿಜ. ಆದರೆ ಅದು ಮೋಸದ ಉದ್ದೇಶವಿಲ್ಲದ ತಪ್ಪು ಮಾಹಿತಿಗೆ ಮತ್ತು ಮೌನದಿಂದ ಮಾಡಿದ ಮೋಸಕ್ಕೆ ಮಾತ್ರ. ಗೊತ್ತಿದ್ದೂ ಸುಳ್ಳು ಬರೆದು, ಮೀಟರ್ ಬದಲಿಸಿದವರು ಅದರ ಹಿಂದೆ ಅಡಗಲಾರರು. ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಮೀಟರ್ ಬದಲಿಸಿದ್ದು ಅವರೇ, ಅಥವಾ ಅದು ಅವರಿಗೆ ಗೊತ್ತಿತ್ತು ಎಂಬ ಸಾಕ್ಷ್ಯದ ಮೇಲೆ ಹಾಕಿ.

ತಡ ಮಾಡಬಾರದೆನ್ನಲು ಮಾರುವವರ ಕಡೆಗೂ ಒಂದು ಕಾರಣವಿದೆ. ನೀವೇ ಮಾರಿದವರಾಗಿದ್ದು, ಮೋಸದಿಂದ ಸರಕು ಪಡೆದವನು ನೀವು ರದ್ದುಪಡಿಸುವ ಮೊದಲೇ ಅದನ್ನು ಏನೂ ತಿಳಿಯದ ಮೂರನೆಯವರಿಗೆ ಮಾರಿಬಿಟ್ಟರೆ, ಸರಕು ಮಾರಾಟ ಕಾಯ್ದೆ, 1930ರ 29ನೇ ಕಲಮಿನಡಿ ಆ ಮೂರನೆಯವರದ್ದೇ ಮಾಲೀಕತ್ವ. ಆಮೇಲೆ ಸರಕು ಸಿಗದು, ಮೋಸ ಮಾಡಿದವನ ಮೇಲೆ ಹಣದ ದಾವೆ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಮನೆ ಮಾರಲು ಅಗ್ರಿಮೆಂಟ್ ಮಾಡಿಕೊಂಡು ಮುಂಗಡ ಪಡೆದಿದ್ದೇವೆ. ಆರು ತಿಂಗಳ ಗಡುವು ದಾಟಿತು, ಕೊಳ್ಳುವವರು ಬಾಕಿ ಹಣ ತಂದಿಲ್ಲ. ಗಡುವು ಮೀರಿದರೆ ಕರಾರು ರದ್ದು, ಮುಂಗಡ ಮುಟ್ಟುಗೋಲು ಎಂದು ಬರೆದಿದೆ. ಬೇರೆಯವರಿಗೆ ಮಾರಬಹುದೇ?

ಉತ್ತರ: ಇನ್ನೂ ಬೇಡ. ಅಗ್ರಿಮೆಂಟಿನಲ್ಲಿ ರದ್ದು ಎಂದಿದ್ದರೂ ನಿಮ್ಮ ಹಕ್ಕು ಮುಕ್ತಾಯದ್ದು, ಅದೂ ತಾನಾಗಿ ಆಗುವುದಿಲ್ಲ. ಸ್ಥಿರಾಸ್ತಿಯ ಕರಾರಿನಲ್ಲಿ ದಿನಾಂಕ ಬರೆದ ಮಾತ್ರಕ್ಕೆ ಕಾಲವೇ ಕರಾರಿನ ಸಾರ, ಅಂದರೆ ಗಡುವು ಮೀರಿದೊಡನೆ ಕರಾರು ಮುಗಿಸಬಹುದು, ಎಂದು ಭಾವಿಸುವಂತಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಸ್ಪಷ್ಟಪಡಿಸಿದೆ. ಕರಾರಿನ ಮಾತು, ಆಸ್ತಿಯ ಸ್ವರೂಪ, ಇಬ್ಬರ ನಡತೆ ಎಲ್ಲವನ್ನೂ ನೋಡುತ್ತಾರೆ. ಗಡುವಿನ ನಂತರವೂ ನೀವು ಒಂದು ಕಂತು ಪಡೆದಿದ್ದರೆ, "ಇನ್ನೊಂದು ತಿಂಗಳು ನೋಡೋಣ" ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದರೆ, ಗಡುವು ಸಡಿಲವಾಯಿತು.

ಮೊದಲು ನಿಮ್ಮ ಪಾಲಿನ ಕೆಲಸ ಮುಗಿದಿದೆಯೇ ನೋಡಿ. ಅಡಮಾನ ತೀರಿಸುವುದು, ಖಾತೆ ಸರಿಪಡಿಸುವುದು, ಮೂಲ ದಾಖಲೆ ತೋರಿಸುವುದು ನಿಮ್ಮ ಹೊಣೆಯಾಗಿದ್ದು ಬಾಕಿಯಿದ್ದರೆ ಕೊಳ್ಳುವವರ ವಿಳಂಬವನ್ನು ದೂರಲಾಗದು. ನಂತರ ಎರಡು ನೋಟಿಸ್. ಮೊದಲನೆಯದು: ನಾವು ಸಿದ್ಧ, ಇಂಥ ದಿನದೊಳಗೆ ಬಾಕಿ ತಂದು ನೋಂದಣಿ ಮಾಡಿಸಿಕೊಳ್ಳಿ, ಈ ದಿನಾಂಕವೇ ಅಂತಿಮ. ಕೊಡುವ ಅವಧಿ ನ್ಯಾಯವಾಗಿರಬೇಕು; ಬ್ಯಾಂಕ್ ಸಾಲ ಪಡೆದು ಕೊಳ್ಳುವವರಿಗೆ ಮೂರು ದಿನ ಕೊಟ್ಟರೆ ಆ ನೋಟಿಸ್ ನಿಲ್ಲದು. ಅದೂ ಮೀರಿದ ಮೇಲೆ ಎರಡನೆಯದು, ಕರಾರನ್ನು ಕೊನೆಗೊಳಿಸಿದ್ದೇವೆ ಎಂದು. ಅಗ್ರಿಮೆಂಟ್ ನೋಂದಣಿಯಾಗಿದ್ದರೆ ಇಬ್ಬರೂ ಸಹಿ ಹಾಕಿದ ರದ್ದುಪತ್ರ ನೋಂದಾಯಿಸುವುದೇ ಲೇಸು. ಇಲ್ಲದಿದ್ದರೆ ಆಸ್ತಿಯ ಋಣಭಾರ ಪತ್ರದಲ್ಲಿ (ಇಸಿ) ಹಳೆಯ ಅಗ್ರಿಮೆಂಟ್ ಕಾಣುತ್ತಲೇ ಇರುತ್ತದೆ, ಮುಂದಿನ ಖರೀದಿದಾರರು ಹಿಂಜರಿಯುತ್ತಾರೆ.

ಮುಂಗಡದ ವಿಷಯದಲ್ಲಿ ಮುಟ್ಟುಗೋಲು ಎಂಬ ಬರಹವನ್ನಷ್ಟೇ ನಂಬಬೇಡಿ. ಕರಾರಿಗೆ ಖಾತರಿಯಾಗಿ ಕೊಟ್ಟ, ಪ್ರಮಾಣ ಮೀರದ ಸಂಚಕಾರ ಬೇರೆ. ಬೆಲೆಯ ಭಾಗವಾಗಿ ಕೊಟ್ಟ ದೊಡ್ಡ ಮೊತ್ತ ಬೇರೆ. ಕರಾರು ಕಾಯ್ದೆಯ 74ನೇ ಕಲಮಿನಡಿ ಸಿಗುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದ 2015ರ ತೀರ್ಪಿನಲ್ಲಿ, ನಷ್ಟವೇ ಆಗದವರು 74ರ ನೆರಳಲ್ಲಿ ಹಣ ಇಟ್ಟುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ; ಅಲ್ಲಿ ಜಾಗ ಮುಂದೆ ಹೆಚ್ಚಿನ ಬೆಲೆಗೇ ಹರಾಜಾಗಿತ್ತು. ನಿಮ್ಮ ಮನೆಯೂ ಹೆಚ್ಚಿನ ಬೆಲೆಗೆ ಹೋಗುವಂತಿದ್ದರೆ, ಪೂರ್ತಿ ಮುಂಗಡ ಹಿಡಿದಿಡುವ ಹಟ ದಾವೆಯನ್ನು ನೀವೇ ಕರೆದಂತೆ.

ಕೊಳ್ಳುವವರ ಸ್ಥಾನದಲ್ಲಿರುವ ಓದುಗರಿಗೂ ಒಂದು ಮಾತು. ಇಂಥ ಮುಕ್ತಾಯದ ನೋಟಿಸ್ ಬಂದ ಮೇಲೆ ಕ್ರಯಪತ್ರ ಮಾಡಿಸಿಕೊಡಿ ಎಂದಷ್ಟೇ ದಾವೆ ಹಾಕಬೇಡಿ. ಆ ಮುಕ್ತಾಯ ತಪ್ಪು ಎಂಬ ಘೋಷಣೆಯನ್ನೂ ಕೇಳಿ. 2013ರಲ್ಲಿ ಸುಪ್ರೀಂ ಕೋರ್ಟ್ ಆ ಘೋಷಣೆ ಕೇಳದ ಕಾರಣಕ್ಕೇ ಕೊಳ್ಳುವವರ ದಾವೆ ನಿಲ್ಲದು ಎಂದಿತ್ತು. ಮುಂಗಡ ವಾಪಸಾತಿಯನ್ನೂ ಪರ್ಯಾಯವಾಗಿ ಕೇಳಿರಬೇಕು, ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಮಿನ ಪ್ರಕಾರ ಕೇಳದಿದ್ದರೆ ಕೊಡುವುದಿಲ್ಲ.

ಪ್ರಶ್ನೆ: ಕ್ರಯಪತ್ರ ನೋಂದಣಿಯಾಗಿದೆ, ಬಾಕಿ ಹಣ ಬಂದಿಲ್ಲ. ನಾವೇ ರದ್ದುಪತ್ರ ಮಾಡಿಸಬಹುದೇ?

ಉತ್ತರ: ಆಗದು. ಕ್ರಯಪತ್ರದೊಂದಿಗೆ ಮಾಲೀಕತ್ವ ದಾಟಿಹೋಗಿದೆ. ಬೆಲೆಯ ಒಂದು ಭಾಗ ಬರಲಿಲ್ಲ ಎಂಬುದೊಂದೇ ಕ್ರಯಪತ್ರವನ್ನು ರದ್ದುಪಡಿಸಲು ಕಾರಣವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬಾಕಿಗೆ ದಾವೆ ಹಾಕಿ; ಆಸ್ತಿಯ ಮೇಲೆ ಆ ಬಾಕಿಯ ಋಣಭಾರ ನಿಮಗಿದೆ.

ಪ್ರಶ್ನೆ: ನಮ್ಮ ಯಜಮಾನರ ಜೀವ ವಿಮೆಯ ಹಣ ಕೇಳಿದಾಗ ಕಂಪನಿ, ಕಾಯಿಲೆ ಮುಚ್ಚಿಟ್ಟಿದ್ದರು, ಪಾಲಿಸಿಯೇ ಮೊದಲಿನಿಂದ ಅಸಿಂಧು ಎಂದಿದೆ. ಪಾಲಿಸಿ ಮಾಡಿಸಿ ನಾಲ್ಕು ವರ್ಷವಾಗಿತ್ತು. ಕಟ್ಟಿದ ಕಂತುಗಳೂ ಹೋದವೇ?

ಉತ್ತರ: ಅಮ್ಮಾ, ಇದು ರದ್ದತಿ. ಸಾಧಾರಣ ಮುಕ್ತಾಯವಾಗಿದ್ದರೆ ಪಾಲಿಸಿ ಚಾಲ್ತಿಯಲ್ಲಿದ್ದ ದಿನಗಳ ರಕ್ಷಣೆ ಉಳಿಯುತ್ತಿತ್ತು. ರದ್ದತಿ ಅದನ್ನೂ ಅಳಿಸುತ್ತದೆ. ಅದಕ್ಕೇ ಜೀವ ವಿಮೆಯಲ್ಲಿ ಕಾನೂನು ಈ ಹಕ್ಕಿಗೆ ಬೇಲಿ ಹಾಕಿದೆ. ವಿಮಾ ಕಾಯ್ದೆ, 1938ರ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಮೇಲೆ ಯಾವುದೇ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ಮೋಸದ ಕಾರಣಕ್ಕೂ ಇಲ್ಲ. ಆದರೆ ಮೂರು ವರ್ಷ ಎಣಿಸುವುದು ಪಾಲಿಸಿ ಕೊಟ್ಟ ದಿನ, ರಕ್ಷಣೆ ಆರಂಭವಾದ ದಿನ, ನಿಂತ ಪಾಲಿಸಿಗೆ ಮತ್ತೆ ಜೀವ ಕೊಟ್ಟ ದಿನ, ರೈಡರ್ (ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ, ಇವುಗಳಲ್ಲಿ ಕೊನೆಯದರಿಂದ. ನಡುವೆ ಕಂತು ತಪ್ಪಿ ಪುನಶ್ಚೇತನ ಮಾಡಿಸಿದ್ದರೇ? ಮೊದಲು ಆ ರಸೀದಿ ಹುಡುಕಿ. ಹಾಗೇನೂ ಇಲ್ಲದಿದ್ದರೆ ಕಂಪನಿಯ ನಿರಾಕರಣೆ ನಿಲ್ಲದು. ಮೂರು ವರ್ಷದೊಳಗೇ ಇದ್ದರೂ, ಮೋಸವಲ್ಲದ ತಪ್ಪು ಹೇಳಿಕೆಯ ಕಾರಣಕ್ಕೆ ನಿರಾಕರಿಸಿದರೆ ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕು. ಕಾರಣವನ್ನೂ ಅದಕ್ಕೆ ಆಧಾರವಾದ ದಾಖಲೆಗಳನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಮೂವತ್ತು ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ನಿಲ್ಲಿಸಬಹುದು ಎಂಬ ಷರತ್ತಿರುವ ವಿತರಕರ ಕರಾರು ನಮ್ಮದು. ಕಂಪನಿ ನೋಟಿಸ್ ಕೊಡದೆ ನಿಲ್ಲಿಸಿದೆ. ವಿತರಣೆ ಮತ್ತೆ ಕೊಡಿಸಲು ಸಾಧ್ಯವೇ?

ಉತ್ತರ: ಕಷ್ಟ. ಹೀಗೆ ಮುಗಿಸಬಹುದಾದ ಕರಾರನ್ನು ಮುಂದುವರಿಸಿ ಎಂದು ನ್ಯಾಯಾಲಯ ಆದೇಶಿಸುವುದಿಲ್ಲ. ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ನಡುವಿನ ಪ್ರಕರಣದ 1990ರ ತೀರ್ಪಿನಲ್ಲಿ ಮುಕ್ತಾಯ ತಪ್ಪಾಗಿತ್ತಾದರೂ ಸುಪ್ರೀಂ ಕೋರ್ಟ್ ಕೊಡಿಸಿದ್ದು ನೋಟಿಸ್ ಅವಧಿಯಾದ 30 ದಿನಗಳ ನಷ್ಟವನ್ನು ಮಾತ್ರ. ಆ ಲೆಕ್ಕವನ್ನು ಹಿಂದಿನ ತಿಂಗಳುಗಳ ಮಾರಾಟ, ಕಮಿಷನ್ ಆಧರಿಸಿ ಸಿದ್ಧಮಾಡಿ. ಇದರ ಜೊತೆಗೆ ಹಳೆಯ ಬಾಕಿ, ಠೇವಣಿ, ಉಳಿದ ದಾಸ್ತಾನಿನ ವಾಪಸಾತಿಯನ್ನು ಬೇರೆಯಾಗಿ ಕೇಳಿ, ಅವು ನೋಟಿಸಿನ ಪ್ರಶ್ನೆಗೆ ಅಂಟಿಲ್ಲ. ಆರ್ಬಿಟ್ರೇಷನ್ (ವಿವಾದವನ್ನು ಮಧ್ಯಸ್ಥಗಾರರಿಗೆ ಒಪ್ಪಿಸುವ) ಷರತ್ತು ಇದ್ದರೆ ಕರಾರು ಮುಗಿದರೂ ಅದು ಬದುಕಿರುತ್ತದೆ, ಅಲ್ಲಿಗೇ ಹೋಗಬೇಕು. ಗುಟ್ಟು ಕಾಪಾಡುವ ಷರತ್ತೂ ಹೀಗೆಯೇ ಉಳಿಯಬಹುದು, ಗ್ರಾಹಕರ ಪಟ್ಟಿ ಬೇರೆಯವರಿಗೆ ಕೊಡುವ ಮೊದಲು ಅದನ್ನು ಓದಿ.

ಪ್ರಶ್ನೆ: ಇಬ್ಬರಿಗೂ ಕರಾರು ಬೇಡವಾಗಿದೆ, ಜಗಳವಿಲ್ಲ. ಕಾಗದ ಹರಿದುಹಾಕಿದರೆ ಸಾಕೇ?

ಉತ್ತರ: ಸಾಲದು. ಕರಾರು ಕಾಯ್ದೆಯ 62ನೇ ಕಲಮಿನಡಿ ಇಬ್ಬರೂ ಒಪ್ಪಿ ಕರಾರನ್ನು ಬಿಡಬಹುದು, ಆದರೆ ಹಣದ ಗತಿ ಏನೆಂದು ನೀವೇ ಬರೆಯಬೇಕು. ಮೊದಲಿನಿಂದಲೇ ಬಿಟ್ಟದ್ದೋ, ಇಂಥ ದಿನಾಂಕದಿಂದ ನಿಲ್ಲಿಸಿದ್ದೋ. ಕೊಟ್ಟ ಹಣದಲ್ಲಿ ಎಷ್ಟು ಯಾರಿಗೆ, ಯಾವ ದಿನದೊಳಗೆ. ಹಿಂದಿನ ಲೋಪಗಳ ಬಗ್ಗೆ ಪರಸ್ಪರ ಬೇಡಿಕೆ ಉಳಿದಿದೆಯೋ ಬಿಟ್ಟುಕೊಟ್ಟದ್ದೋ. ಜಾಮೀನುದಾರರಿದ್ದರೆ ಅವರ ಹೊಣೆ ಮುಗಿಯಿತೆಂದೂ ಬರೆದು, ಅವರು ಕೊಟ್ಟ ಚೆಕ್, ದಾಖಲೆಗಳನ್ನು ಅಂದೇ ಮರಳಿಸಿ.

ಪ್ರಶ್ನೆ: ರದ್ದತಿ ಕೇಳುವುದೋ ಮುಕ್ತಾಯ ಮಾಡಿ ನಷ್ಟ ಕೇಳುವುದೋ ಎಂದು ಹೇಗೆ ನಿರ್ಧರಿಸುವುದು? ದಾವೆಯಲ್ಲಿ ಎರಡನ್ನೂ ಕೇಳಬಹುದೇ? ಎಷ್ಟು ಸಮಯವಿದೆ?

ಉತ್ತರ: ಮೊದಲು ನಿಮ್ಮ ಬಳಿ ಎರಡೂ ಹಕ್ಕಿದೆಯೇ ನೋಡಿ. ಹುಟ್ಟಿನಲ್ಲಿ ಮೋಸ ಮತ್ತು ನಡೆಯುವಾಗ ಲೋಪ, ಎರಡೂ ಇದ್ದಾಗ ಮಾತ್ರ ಆಯ್ಕೆ ಇರುತ್ತದೆ. ಆಗ ಲೆಕ್ಕ ಹಾಕಬೇಕು. ರದ್ದತಿ ನಿಮ್ಮನ್ನು ಕರಾರಿಗೆ ಮುಂಚಿನ ಸ್ಥಿತಿಗೆ ಒಯ್ಯುತ್ತದೆ. ಮುಕ್ತಾಯದ ನಂತರದ ನಷ್ಟಪರಿಹಾರ, ಕರಾರು ಸರಿಯಾಗಿ ನಡೆದಿದ್ದರೆ ಎಲ್ಲಿರುತ್ತಿದ್ದಿರೋ ಅಲ್ಲಿಗೆ. ನೀವು ಅಗ್ಗವಾಗಿ ಒಪ್ಪಿದ್ದು ಈಗ ಮಾರುಕಟ್ಟೆ ದರ ಏರಿದ್ದರೆ ಎರಡನೆಯದು ಲಾಭ. ದುಬಾರಿಯಾಗಿ ಒಪ್ಪಿದ್ದು ದರ ಇಳಿದಿದ್ದರೆ ಮೊದಲನೆಯದು. ಎದುರಿನವರು ದಿವಾಳಿಯ ಅಂಚಿನಲ್ಲಿದ್ದು ನಿಮ್ಮ ವಸ್ತು ಇನ್ನೂ ಅವರ ಬಳಿಯೇ ಇದ್ದರೆ, ವಸ್ತುವನ್ನೇ ಮರಳಿ ತರುವ ರದ್ದತಿಗೆ ಬೆಲೆ ಹೆಚ್ಚು.

ನೋಟಿಸಿನಲ್ಲಿ ರದ್ದುಪಡಿಸಿದ್ದೇವೆ, ಅದು ಸಿಂಧುವಲ್ಲ ಎಂದಾದರೆ ಪರ್ಯಾಯವಾಗಿ ಉಲ್ಲಂಘನೆಗಾಗಿ ಕೊನೆಗೊಳಿಸಿದ್ದೇವೆ ಎಂದು ಬರೆಯಬಹುದು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ, ಕಾರಣಗಳನ್ನು ಬೇರೆ ಬೇರೆ ಪ್ಯಾರಾದಲ್ಲಿ ಕೊಡಿ. ಕರಾರನ್ನು ನಡೆಸಿಕೊಡಿ ಎಂಬ ದಾವೆಯಲ್ಲಿ, ಅದು ಸಿಗದಿದ್ದರೆ ರದ್ದುಪಡಿಸಿ ಎಂದು ಪರ್ಯಾಯ ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 29ನೇ ಕಲಂ ಬಿಡುತ್ತದೆ. ತಿರುಗುಮುರುಗಾಗಿ ಬರುವುದಿಲ್ಲ: ರದ್ದುಪಡಿಸಿ, ಇಲ್ಲವೇ ನಡೆಸಿಕೊಡಿ ಎಂಬ ದಾವೆಯನ್ನು ಸುಪ್ರೀಂ ಕೋರ್ಟ್ 1968ರಲ್ಲೇ ಒಪ್ಪಲಿಲ್ಲ.

ಕಾಲಮಿತಿ ಎರಡಕ್ಕೂ ಮೂರು ವರ್ಷ, ಆದರೆ ಎಣಿಕೆ ಬೇರೆ. ರದ್ದತಿಗೆ 1963ರ ಕಾಲಮಿತಿ ಕಾಯ್ದೆಯ 59ನೇ ಅನುಚ್ಛೇದ, ಹಕ್ಕು ಕೊಡುವ ಸಂಗತಿ ನಿಮಗೆ ಮೊದಲು ತಿಳಿದ ದಿನದಿಂದ. ಉಲ್ಲಂಘನೆಯ ನಷ್ಟಕ್ಕೆ 55ನೇ ಅನುಚ್ಛೇದ, ಕರಾರು ಮುರಿದ ದಿನದಿಂದ, ನಿಮಗೆ ಯಾವಾಗ ತಿಳಿಯಿತೆಂಬುದು ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಮೂರು ವರ್ಷವಿದೆ ಎಂದು ರದ್ದತಿಯ ನೋಟಿಸನ್ನು ಮುಂದೂಡಬೇಡಿ. ದಾವೆಗೆ ಅಷ್ಟು ಸಮಯವಿದ್ದರೂ, ತಿಳಿದ ಮೇಲೆ ಕೆಲವೇ ವಾರಗಳ ಮೌನ ಮತ್ತು ಒಂದು ಪಾವತಿ ನೀವು ಕರಾರನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷ್ಯವಾಗಬಹುದು.